ಸಾಮಾನಿನ ಕೋಣೆಯಲ್ಲಿ ಐದು ಸ್ಟಿಕ್ಕು

ಪೀಪಿ ಅಕ್ಕ ಎಂದರೆ ಆ ಬಡಾವಣೆಯಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು. ನಿಜವಾದ ಹೆಸರು ಹಿಡಿದು ಕೇಳಿದರೆ ಅವಳ ಗಂಡನೂ ಒಂದು ಕ್ಷಣ ತಡವರಿಸುತ್ತಿದ್ದನೋ ಏನೋ. ಕತ್ತಿನಲ್ಲಿ ಸದಾ ನೇತಾಡುವ ಸೀಟಿಯಿಂದ ಬಂದ ಹೆಸರು ಅದು. ತನ್ನ ಹೊಲಿಗೆ ಅಂಗಡಿಯಲ್ಲಿ ಯಂತ್ರ ತುಳಿಯುವಾಗಲೂ ಅವಳು ಅದನ್ನು ಬಿಚ್ಚಿಡುತ್ತಿರಲಿಲ್ಲ.

"ಅಳತೆ ತಪ್ಪಿದ್ರೆ ಸೀಟಿ ಊದಿಬಿಡ್ತೀರೇನಕ್ಕಾ?" ಎಂದು ಗಿರಾಕಿಗಳು ಚುಡಾಯಿಸುವರು.

"ಊದ್ಬೋದಮ್ಮ. ಆದ್ರೆ ನಿನ್ನ ಸೊಂಟಕ್ಕೆ ಹಳದಿ ಕಾರ್ಡು ತೋರ್ಸಿದ್ರೆ ಅದೇನು ಕೇಳುತ್ತಾ?"

ಅವಳು ಮಹಿಳಾ ಹವ್ಯಾಸಿ ಹಾಕಿ ಸಂಘದ ಕಾರ್ಯದರ್ಶಿ. ಹೆಸರು ದೊಡ್ಡದು, ಸಂಘ ಚಿಕ್ಕದು: ಆಸ್ಪತ್ರೆಯ ನರ್ಸುಗಳು, ಬಸ್ಸಿನ ಕಂಡಕ್ಟರುಗಳು, ಶಾಲೆಯ ಟೀಚರುಗಳು, ಬಟ್ಟೆ ಕಾರ್ಖಾನೆಯವರು, ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವವರು, ಹೀಗೆ ಐದು ತಂಡ. ಎಲ್ಲರೂ ದುಡಿದು ಉಣ್ಣುವ ಹೆಂಗಸರು. ಮೈದಾನ ಪುರಸಭೆಯದು. ಅದರಲ್ಲಿ ಇವರ ಪಾಲಿಗೆ ಇದ್ದದ್ದು ಭಾನುವಾರದ ಬೆಳಗು ಒಂದೇ. ಹೆಂಗಸಿನ ವಾರದಲ್ಲಿ ಆ ಒಂದು ಬೆಳಗನ್ನು ಬಿಡಿಸಿಕೊಳ್ಳುವುದಕ್ಕೆ ಎಷ್ಟು ಅಡುಗೆಮನೆಗಳ ಜೊತೆ ಯುದ್ಧ ಮಾಡಬೇಕು ಎಂಬುದು ಆಡಿದವರಿಗೆ ಗೊತ್ತು. ಮಗುವಿಗೆ ಜ್ವರ, ಅತ್ತೆಗೆ ಮಂಡಿನೋವು, ಗಂಡನಿಗೆ ಇವತ್ತೇ ಬಿಸಿನೀರು ಬೇಕು. ಭಾನುವಾರ ಬೆಳಗಾದರೆ ಸಾಕು, ಇಡೀ ಮನೆತನಕ್ಕೆ ಕಾಯಿಲೆ ಹತ್ತುತ್ತದೆ.

ಆ ಬೆಳಗನ್ನು ಗಿಟ್ಟಿಸಿಕೊಂಡವರು ಇಬ್ಬರು: ಪೀಪಿ ಅಕ್ಕ ಮತ್ತು ಅವಳ ನಾದಿನಿ. ನಾದಿನಿ ಆಸ್ಪತ್ರೆಯಲ್ಲಿ ನರ್ಸು, ನರ್ಸುಗಳ ತಂಡಕ್ಕೆ ನಾಯಕಿ, ಗೋಲ್‌ಕೀಪರ್. ಎಲ್ಲರ ಬಾಯಲ್ಲೂ 'ಗೋಡೆ'. ಇದ್ದದ್ದು ಅಣ್ಣ ಅತ್ತಿಗೆಯ ಜೊತೆ, ಒಂದೇ ಮನೆಯಲ್ಲಿ. ಸಂಘ ಶುರುವಾದ ವರ್ಷ ಪುರಸಭೆಯ ಮೆಟ್ಟಿಲಿನ ಮೇಲೆ ಅತ್ತಿಗೆ ನಾದಿನಿ ಇಬ್ಬರೂ ಸ್ಟಿಕ್ಕು ಹಿಡಿದು ಕೂತುಬಿಟ್ಟಿದ್ದರು. ಅಧಿಕಾರಿ, ಇವರು ಹೊಡೆದಾಟಕ್ಕೆ ಬಂದರೇನೋ ಎಂದು ಹೆದರಿ ಸಹಿ ಹಾಕಿದ ಕಥೆಯನ್ನು ಗೋಡೆ ನೂರು ಸಲ ಹೇಳಿದ್ದಳು, ಪ್ರತಿ ಸಲವೂ ಅಧಿಕಾರಿಯ ಮೀಸೆ ಇನ್ನಷ್ಟು ನಡುಗುವಂತೆ.

ಈ ಸಲದ ಋತುವೂ ಎಂದಿನಂತೆಯೇ ಶುರುವಾಗಿತ್ತು. ಬೆಳಕು ಹರಿಯುವ ಹೊತ್ತಿಗೆ ಪೀಪಿ ಅಕ್ಕ ತೂತು ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿ ಗೆರೆ ಎಳೆಯುವಳು. ಹಿಂದಿನ ದಿನ ಕ್ರಿಕೆಟ್ ಆಡಿದವರು ಬಿಟ್ಟುಹೋದ ಗುಂಡಿಗೆ ಮಣ್ಣು ತುಂಬುವಳು. ಬರದವಳ ಮನೆಗೆ ಫೋನು ಮಾಡುವಳು, ಫೋನು ಎತ್ತಿದ ಗಂಡಂದಿರಿಗೆ ಬೈಯದೆ ಮಾತಾಡುವಳು. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ಇಡೀ ಸಂಘಕ್ಕೆ ಇದ್ದದ್ದು ಒಂದೇ ಹೆಲ್ಮೆಟ್ಟು, ಒಂದೇ ಜೊತೆ ಪ್ಯಾಡು. ಎರಡು ಕಡೆಯ ಗೋಲ್‌ಕೀಪರುಗಳು ಅದನ್ನು ಅರ್ಧರ್ಧ ಆಟಕ್ಕೆ ಬದಲಾಯಿಸಿಕೊಳ್ಳಬೇಕು, ಬೆವರಿನ ಸಮೇತ. "ಒಂದೇ ಹೆಲ್ಮೆಟ್ಟಲ್ಲಿ ಬೆವತವರು ಅಕ್ಕತಂಗೀರೇ ಕಣ್ರೇ" ಎಂದು ಗೋಡೆ ನಗುತ್ತಿದ್ದಳು.

ಸ್ಟಿಕ್ಕುಗಳ ಹಿಡಿಗೆ ಪಟ್ಟಿ ಸುತ್ತುವುದೂ ಪೀಪಿ ಅಕ್ಕನ ಕೆಲಸವೇ. ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಯನ್ನು ಉದ್ದುದ್ದ ಕತ್ತರಿಸಿ, ಬಿಗಿಯಾಗಿ ಎಳೆದು ಸುತ್ತಿ, ತುದಿಗೆ ಹೊಲಿಗೆ ಹಾಕುವಳು. ಕಂಡಕ್ಟರುಗಳ ನಾಯಕಿಯದು ದೊಡ್ಡ ಕೈ, ಒರಟು ಕ್ಯಾನ್‌ವಾಸೇ ಬೇಕು. ಕಾರ್ಖಾನೆಯ ತಂಡದ ನಾಯಕಿ ದಿನವಿಡೀ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವವಳು, ಆದ್ದರಿಂದ ಅವಳ ಹೆಸರೂ 'ಕಾಜಾ'. ಬೆರಳತುದಿಯೆಲ್ಲ ಸೂಜಿ ಚುಚ್ಚಿದ ಗಾಯ, ಅವಳಿಗೆ ಮೆತ್ತನೆಯ ಫ್ಲಾನೆಲ್ಲು. ಇನ್ನು ಗೋಡೆ. ಹಿಂದೊಮ್ಮೆ ಪೆನಾಲ್ಟಿ ತಡೆಯಲು ಹೋಗಿ ಅವಳ ಬಲಗೈಯ ಎರಡು ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು, ಪೂರ್ತಿ ಮಡಚುತ್ತಿರಲಿಲ್ಲ. ಅವು ಕೂರುವ ಜಾಗದಲ್ಲಿ ಪಟ್ಟಿಯ ಕೆಳಗೆ ಇನ್ನೊಂದು ಸುತ್ತು, ಅದರ ಮೇಲೆ ಮತ್ತೊಂದು ಸುತ್ತು ಹಾಕಿ ಪೀಪಿ ಅಕ್ಕ ಒಂದು ಉಬ್ಬು ಮಾಡಿಕೊಟ್ಟಿದ್ದಳು. ಆ ಉಬ್ಬಿಲ್ಲದಿದ್ದರೆ ಗೋಡೆಯ ಕೈಯಲ್ಲಿ ಸ್ಟಿಕ್ಕು ನಿಲ್ಲುತ್ತಲೇ ಇರಲಿಲ್ಲ.

ಋತು ಅರ್ಧ ದಾಟಿದ ಮೇಲೆ ಕ್ಲಬ್ಬಿನವರ ಪ್ರಸ್ತಾಪ ಬಂತು. ಕ್ಲಬ್ಬು ಎಂದರೆ ಊರಿನ ದೊಡ್ಡವರದು, ಅಧ್ಯಕ್ಷರು ಕಾಜಾ ಕೆಲಸ ಮಾಡುವ ಬಟ್ಟೆ ಕಾರ್ಖಾನೆಯ ಮಾಲೀಕರು. ಸಂಘ ತಮ್ಮ ಕ್ಲಬ್ಬಿನಲ್ಲಿ ಸೇರಲಿ, 'ಮಹಿಳಾ ವಿಭಾಗ' ಆಗಲಿ, ಹುಲ್ಲಿನ ಮೈದಾನ, ತಂಡಕ್ಕೊಂದು ಹೆಲ್ಮೆಟ್ಟು, ಎಲ್ಲವೂ ಸಿಗುತ್ತದೆ ಎಂದರು. ಬದಲಿಗೆ ಪುರಸಭೆಯ ಭಾನುವಾರದ ಬೆಳಗನ್ನು ಕ್ಲಬ್ಬಿಗೆ ಬಿಟ್ಟುಕೊಡಬೇಕು. ಹೆಂಗಸರ ಪಂದ್ಯಗಳು ಬುಧವಾರ ಮಧ್ಯಾಹ್ನ.

"ಬುಧವಾರ ಮಧ್ಯಾಹ್ನ ನಾನು ಬಸ್ಸಲ್ಲಿ ಟಿಕೆಟ್ ಹರೀತಿರ್ತೀನಿ. ಪ್ರಯಾಣಿಕರನ್ನ ಗೋಲ್‌ಪೋಸ್ಟ್ ಮಾಡ್ಕೊಂಡು ಆಡ್ಲಾ?" ಎಂದಳು ಕಂಡಕ್ಟರುಗಳ ನಾಯಕಿ.

ವಿಷಯ ಅಷ್ಟೇ ಆಗಿತ್ತು. ಬುಧವಾರ ಮಧ್ಯಾಹ್ನ ಆಡಬಲ್ಲವರು ಹೆಚ್ಚಾಗಿ ಕ್ಲಬ್ಬಿನವರ ಮನೆಯ ಹೆಣ್ಣುಮಕ್ಕಳು. ದುಡಿಯುವವಳಿಗೆ ಹುಲ್ಲು ತೋರಿಸಿ ಹೊತ್ತು ಕಸಿದುಕೊಳ್ಳುವುದು, ಆಮೇಲೆ 'ಅವಕಾಶ ಕೊಟ್ಟರೂ ಬರಲಿಲ್ಲ' ಎನ್ನುವುದು. ಪೀಪಿ ಅಕ್ಕ ಇದನ್ನು ಪ್ರತಿ ತಂಡದ ಮುಂದೆ ನಿಂತು ಹೇಳಿದಳು. ಕೊನೆಯ ಪಂದ್ಯ ಮುಗಿದ ಮೇಲೆ ನಾಯಕಿಯರು ತೀರ್ಮಾನಿಸುವುದೆಂದಾಯಿತು.

ಆ ಸಂಘದಲ್ಲಿ ಕೈ ಎತ್ತುವ ಪದ್ಧತಿ ಇರಲಿಲ್ಲ. ಮೊದಲ ವರ್ಷ ಎತ್ತಿಸಿ ನೋಡಿದ್ದರು. ಮರುದಿನವೇ ಒಬ್ಬಳ ಗಂಡ, ಇನ್ನೊಬ್ಬಳ ಮೇಲಧಿಕಾರಿ 'ನೀನ್ಯಾಕೆ ಎತ್ತಿದೆ' ಎಂದು ವಿಚಾರಣೆ ನಡೆಸಿದ್ದರು. ಹೆಂಗಸಿನ ಕೈಗೆ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ಯಜಮಾನರೇ. ಆಗ ಪೀಪಿ ಅಕ್ಕನೇ ಒಂದು ಏರ್ಪಾಡು ಮಾಡಿದಳು. ಮೈದಾನದ ಅಂಚಿನಲ್ಲಿ ಸಾಮಾನಿನ ಕೋಣೆ, ಕಿಟಕಿಯಿಲ್ಲ, ದೀಪವಿಲ್ಲ. ನಾಯಕಿಯರು ಒಬ್ಬೊಬ್ಬರಾಗಿ ಸ್ಟಿಕ್ಕು ಹಿಡಿದು ಒಳಹೋಗಿ ಬಾಗಿಲು ಮುಚ್ಚಿಕೊಳ್ಳಬೇಕು. ಒಪ್ಪಿಗೆಯಾದರೆ ಎಡಮೂಲೆಗೆ, ಬೇಡವಾದರೆ ಬಲಮೂಲೆಗೆ ಒರಗಿಸಿ ಬರಿಗೈಯಲ್ಲಿ ಬರಬೇಕು. ಕೊನೆಗೆ ಕಾರ್ಯದರ್ಶಿ ಕತ್ತಲಲ್ಲೇ ತಡವಿ ಎಣಿಸಿ, ಎಲ್ಲವನ್ನೂ ಒಟ್ಟಿಗೆ ಬಾಚಿ ತಂದು, ಎಷ್ಟೆಷ್ಟು ಎಂದಷ್ಟೇ ಹೇಳಬೇಕು. ಯಾರದು ಎಲ್ಲಿತ್ತು ಎಂಬುದು ಕತ್ತಲಿಗೇ ಬಿಟ್ಟದ್ದು. ಇಷ್ಟು ವರ್ಷ ಅಂಗಿಯ ಬಣ್ಣ, ರಜೆಯ ವಾರ ಇಂಥವೇ ಪ್ರಶ್ನೆಗಳು. ಪೀಪಿ ಅಕ್ಕನ ಬೆರಳುಗಳು ಏನನ್ನೋ ಗುರುತಿಸಿದ್ದರೂ ತಲೆ ಅದನ್ನು ಕೇಳಿಸಿಕೊಂಡಿರಲಿಲ್ಲ.

ಪೀಪಿ ಅಕ್ಕನ ಲೆಕ್ಕ ಸರಳವಾಗಿತ್ತು. ಟೀಚರುಗಳು ಕ್ಲಬ್ಬಿನ ಕಡೆ, ಅವರ ಮುಖ್ಯೋಪಾಧ್ಯಾಯರೇ ಕ್ಲಬ್ಬಿನವರು. ಮಾರ್ಕೆಟ್ಟಿನವರಿಗೆ ಭಾನುವಾರವೇ ವ್ಯಾಪಾರ, ಬುಧವಾರವಾದರೆ ಅನುಕೂಲ. ಅವರು ಅದನ್ನು ಮುಖಕ್ಕೆ ಮುಖ ಕೊಟ್ಟು ಹೇಳಿದ್ದರು, ಅವಳಿಗೆ ಸಿಟ್ಟಿರಲಿಲ್ಲ. ಕಂಡಕ್ಟರು ತನ್ನ ಕಡೆ. ಗೋಡೆಯ ಬಗ್ಗೆ ಯೋಚಿಸುವುದೇ ಬೇಕಿರಲಿಲ್ಲ. ಉಳಿದವಳು ಕಾಜಾ. ಮಾಲೀಕನ ವಿರುದ್ಧ ಆ ಹುಡುಗಿ ನಿಂತಾಳೆ? ಇಡೀ ಸಂಘ ಅವಳೊಬ್ಬಳ ಮೇಲೆ ನಿಂತಿತ್ತು.

"ಅವಳನ್ನ ನನಗೆ ಬಿಡಿ ಅತ್ತಿಗೆ. ನಾನು ಮಾತಾಡ್ತೀನಿ. ನೀವು ಸುಮ್ನೆ ನಿದ್ದೆ ಕೆಡಿಸ್ಕೋಬೇಡಿ" ಎಂದಿದ್ದಳು ಗೋಡೆ.

ಕೊನೆಯ ಪಂದ್ಯವನ್ನು ಮಾರ್ಕೆಟ್ಟಿನವರು ಗೆದ್ದರು. ಚಪ್ಪಾಳೆ, ನಗು, ಬಾಟಲಿಯ ನೀರು ತಲೆಯ ಮೇಲೆ ಸುರಿದುಕೊಂಡದ್ದು, ಎಲ್ಲ ಆಯಿತು. ಆಮೇಲೆ ನಾಯಕಿಯರು ಒಬ್ಬೊಬ್ಬರಾಗಿ ಕೋಣೆಗೆ ಹೋಗಿ ಬಂದರು. ಕಾಜಾ ಹೊರಬಂದಾಗ ಅವಳ ತುಟಿ ಬಿಳುಚಿತ್ತು. ಕೊನೆಯಲ್ಲಿ ಗೋಡೆ, ಏನೋ ಹಾಡು ಗುನುಗುತ್ತ.

ಪೀಪಿ ಅಕ್ಕ ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಸುಣ್ಣ, ಹಳೆಯ ಬೆವರು, ತುಕ್ಕಿನ ವಾಸನೆ. ಮೊದಲು ಬಲಮೂಲೆಗೆ ಕೈಚಾಚಿದಳು. ಒಂದು. ಎರಡು. ಮುಂದೆ ತಣ್ಣನೆಯ ಗಾರೆ ಮಾತ್ರ ಸಿಕ್ಕಿತು.

ಎಡಮೂಲೆಯಲ್ಲಿ ಮೂರು. ಸೋತೆವು.

ಅವಳಿಗೆ ಮೊದಲು ಬಂದದ್ದು ಕೋಪವಲ್ಲ, ಕರುಣೆ. 'ಪಾಪ, ಹೊಟ್ಟೆಪಾಡು. ಕಾಜಾ ಏನು ಮಾಡಿಯಾಳು' ಎಂದು ಅವಳ ಮನಸ್ಸು ಆಗಲೇ ಕ್ಷಮಿಸಲು ಹೊರಟಿತ್ತು. ಹಾಗೆ ಕ್ಷಮಿಸುತ್ತಲೇ ಎಡಗಡೆಯ ಮೂರನ್ನೂ ಬಾಚಿ ಹಿಡಿದಳು. ಅಂಗೈಯ ನಡುವೆ ಒಂದು ಉಬ್ಬು ಬಂದು ಕೂತಿತು.

ಸುತ್ತಿನ ಮೇಲೆ ಸುತ್ತು, ಎರಡು ಸೊಟ್ಟ ಬೆರಳಿಗಾಗಿ ಅವಳದೇ ಕೈ ಕಟ್ಟಿದ ಉಬ್ಬು. ಬಲಮೂಲೆಗೆ ಹೋಗಿ ಮತ್ತೆ ತಡವಿದಳು: ಒಂದು ಒರಟು ಕ್ಯಾನ್‌ವಾಸು, ಇನ್ನೊಂದು ಮೆತ್ತನೆಯ ಫ್ಲಾನೆಲ್ಲು. ಆ ಹುಡುಗಿ ಮಾಲೀಕನಿಗೆ ಬೆನ್ನು ತಿರುಗಿಸಿ ಇವಳ ಪಕ್ಕ ನಿಂತಿದ್ದಳು. ಬೆನ್ನು ತಿರುಗಿಸಿದ್ದು ಮನೆಯವಳು.

ಕತ್ತಲಲ್ಲಿ ಎಲ್ಲ ಒಂದೊಂದಾಗಿ ಕಾಣತೊಡಗಿತು. ಗೋಡೆಯ ಕೈಗೆ ಇದ್ದಕ್ಕಿದ್ದಂತೆ ಬಂದ ಹೊಸ ಗ್ಲೌಸು. 'ಆಸ್ಪತ್ರೆಯವರು ಕೊಡಿಸಿದ್ರು ಅತ್ತಿಗೆ.' ಒಂದು ಭಾನುವಾರ ಗಂಡ, 'ಪಂದ್ಯ ಮುಗಿಸಿ ನಿಧಾನ ಬಾ, ಅಡುಗೆ ನಾನೇ ಮಾಡ್ತೀನಿ' ಎಂದಿದ್ದ. ಮದುವೆಯಾದಾಗಿನಿಂದ ಕೇಳದ ಮಾತು. ಅವಳು ಇಡೀ ದಿನ ಹಿಗ್ಗಿ ಹೀರೇಕಾಯಿಯಾಗಿದ್ದಳು. ಮನೆಗೆ ಬಂದಾಗ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಅತಿಥಿಗಳಿಗೆಂದು ಇಟ್ಟಿದ್ದ ಹೂವಿನ ಚಿತ್ರದ ಕಾಫಿ ಕಪ್ಪುಗಳು. 'ಪಕ್ಕದ ಮನೆಯವರು ಬಂದಿದ್ರು' ಎಂದಿದ್ದ. ಪಕ್ಕದ ಮನೆಯವರಿಗೆ ಯಾರು ಹೂವಿನ ಕಪ್ಪು ಇಳಿಸುತ್ತಾರೆ? ಬಂದದ್ದು ಕ್ಲಬ್ಬಿನವರು. ಅವಳು ಹೊರಗೆ ಗೆರೆ ಎಳೆಯುವಾಗ ಒಳಗೆ ಅವಳ ಮನೆಯಲ್ಲೇ ಅವಳನ್ನು ಗೆರೆಯಿಂದ ಆಚೆ ಹಾಕಿದ್ದರು.

ಐದೂ ಸ್ಟಿಕ್ಕು ತಬ್ಬಿಕೊಂಡು ಹೊರಬಂದಳು. "ಎಡ ಮೂರು, ಬಲ ಎರಡು. ಸಂಘ ಕ್ಲಬ್ಬಿಗೆ ಸೇರುತ್ತೆ."

ಗೋಡೆ ಓಡಿಬಂದು ಅವಳ ಹೆಗಲು ತಬ್ಬಿದಳು. "ಹೋಗ್ಲಿ ಬಿಡಿ ಅತ್ತಿಗೆ. ನಾವು ಮಾಡೋದೆಲ್ಲ ಮಾಡಿದ್ವಿ. ಯಾರೋ ಕೈಕೊಟ್ರು."

"ಯಾರೋ ಏನು ಯಾರೋ?" ಕಂಡಕ್ಟರು ಕಾಜಾಳ ಕಡೆ ತಿರುಗಿದಳು. "ಹೇಳಮ್ಮ, ಮಾಲೀಕರು ಏನು ಕೊಡ್ತೀನಿ ಅಂದ್ರು? ಕುರ್ಚಿ ಮೇಲೆ ಕೂತು ಹೊಲಿಯೋಕೆ ದಿಂಬಾ?"

ಕಾಜಾ ನೆಲ ನೋಡುತ್ತ ನಿಂತಳು. ಅವಳು ಬಾಯಿಬಿಟ್ಟು 'ನಾನಲ್ಲ' ಎಂದರೆ ಸಾಕು, ಮಾರನೆಯ ದಿನ ಆ ಮಾತು ಕಾರ್ಖಾನೆಯ ಗೇಟು ಮುಟ್ಟುತ್ತಿತ್ತು, ಆ ಗೇಟು ಅವಳಿಗೆ ಮುಚ್ಚುತ್ತಿತ್ತು.

"ಬಿಡೇ, ಪಾಪ. ಅವಳ ಕಷ್ಟ ಅವಳಿಗೆ" ಎಂದಳು ಗೋಡೆ. ಎಷ್ಟು ಮೆತ್ತಗೆ ಎಂದರೆ, ಚುಚ್ಚಿದ್ದು ಯಾರಿಗೂ ಕಾಣಲಿಲ್ಲ.

ಪೀಪಿ ಅಕ್ಕನ ನಾಲಗೆಯ ತುದಿಯಲ್ಲಿ ಒಂದೇ ಒಂದು ಮಾತಿತ್ತು. ಅದನ್ನು ಹೇಳಿದರೆ ಕಾಜಾಳ ಮೇಲಿನ ಕಳಂಕ ತೊಳೆಯುತ್ತಿತ್ತು, ಜೊತೆಗೆ ಅವಳ ಅನ್ನವೂ ತೊಳೆದುಹೋಗುತ್ತಿತ್ತು. ಹೆಂಗಸರನ್ನು ಕಾಯಲೆಂದು ತಾನೇ ಕಟ್ಟಿದ ಕತ್ತಲು ಇವತ್ತು ಕಳ್ಳಿಯನ್ನೂ ಕಾಯುತ್ತಿತ್ತು. ಅದನ್ನು ಒಡೆದರೆ ಮೊದಲು ಸಾಯುವವಳು ಕಳ್ಳಿಯಲ್ಲ ಎಂಬುದು ಗೋಡೆಗೂ ಗೊತ್ತಿತ್ತು. ಗೊತ್ತಿದ್ದೇ ಅಷ್ಟು ನಿರಾಳವಾಗಿ ಹಾಡು ಗುನುಗಿದ್ದಳು.

ಪೀಪಿ ಅಕ್ಕ ಸೀಟಿ ಊದಿದಳು. ಉದ್ದಕ್ಕೆ, ಉಸಿರು ಮುಗಿಯುವ ತನಕ.

"ಒಳಗೆ ಇಟ್ಟ ಮೇಲೆ ಸ್ಟಿಕ್ಕು ಯಾರದ್ದೂ ಅಲ್ಲ. ಆ ಮಾತು ಇನ್ನೊಂದ್ಸಲ ಎತ್ತಿದವರು ನನ್ನ ಜೊತೆ ಮಾತಾಡೋದು ಬೇಡ. ಕಂಡಕ್ಟ್ರೇ, ನಿನಗೂ ಸೇರಿಸೇ ಹೇಳ್ತಿದೀನಿ. ಆ ಹುಡುಗಿ ಹತ್ರ ಕ್ಷಮೆ ಕೇಳು."

"ನಾನ್ಯಾಕಕ್ಕಾ..."

"ಕೇಳು ಅಂದೆ."

ಕಂಡಕ್ಟರು ಗೊಣಗುತ್ತ ಕೇಳಿದಳು. ಕಾಜಾ ತಲೆಯೆತ್ತಿ ಪೀಪಿ ಅಕ್ಕನನ್ನು ಒಮ್ಮೆ ನೋಡಿದಳು. ಇವಳಿಗೆ ಗೊತ್ತೋ ಇಲ್ಲವೋ ಎಂಬ ನೋಟ ಅದು. ಪೀಪಿ ಅಕ್ಕ ಫ್ಲಾನೆಲ್ಲಿನ ಹಿಡಿಯನ್ನು ಅವಳ ಕೈಗಿಟ್ಟು, ಆ ಕೈಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದಳು. ಹುಡುಗಿಯ ಕಣ್ಣು ತುಂಬಿತು.

ಸಂಜೆ ಮನೆಯಲ್ಲಿ ಗಂಡ ಪೇಪರು ಬಿಡಿಸಿಕೊಂಡು ಕೂತಿದ್ದ. ಗೋಡೆ ಸ್ನಾನ ಮಾಡಿ, ತಲೆಗೆ ಟವೆಲು ಸುತ್ತಿಕೊಂಡು ಬಂದು, ಪ್ರತಿ ವರ್ಷ ಋತು ಮುಗಿದ ದಿನ ಮಾಡುವಂತೆಯೇ ತನ್ನ ಸ್ಟಿಕ್ಕನ್ನು ಅತ್ತಿಗೆಯ ಮಡಿಲಿಗಿಟ್ಟಳು.

"ಪಟ್ಟಿ ಸಡ್ಲ ಆಗಿದೆ ಅತ್ತಿಗೆ, ಹೊಸದು ಸುತ್ಕೊಡಿ. ಕ್ಲಬ್ಬಲ್ಲಿ ಗೋಲ್‌ಕೀಪಿಂಗ್ ಕಲಿಸೋಕೆ ಯಾರಾದ್ರೂ ಬೇಕಂತೆ, ನನ್ನನ್ನೇ ಕರೆದ್ರೂ ಕರೀಬೋದು." ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು. "ನಿಮ್ಮಾಣೆ, ಆ ಕಾಜಾ ಹೀಗ್ ಮಾಡ್ತಾಳೆ ಅಂದ್ಕೊಂಡಿರ್ಲಿಲ್ಲ."

ಪೀಪಿ ಅಕ್ಕ ಪೆಟ್ಟಿಗೆಯಿಂದ ಕತ್ತರಿ ತೆಗೆದಳು. ತುದಿಯ ಹೊಲಿಗೆ ಕತ್ತರಿಸಿದಳು. ಮೇಲಿನ ಪಟ್ಟಿ ಬಿಚ್ಚಿತು. ಅದರ ಕೆಳಗೆ ಹಿಂದಿನ ವರ್ಷದ್ದು, ಅದರ ಕೆಳಗೆ ಅದರ ಹಿಂದಿನದು, ಅಂಗಡಿಯಲ್ಲಿ ಯಾರ್ಯಾರಿಗೋ ಹೊಲಿದುಕೊಟ್ಟ ಉಡುಪುಗಳ ಬಣ್ಣಗಳು. ಉಬ್ಬಿನ ಹತ್ತಿರ ಬಂದಾಗ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅದನ್ನೂ ಸುತ್ತು ಸುತ್ತಾಗಿ ಬಿಚ್ಚಿದಳು. ಒಳಗಿನ ಮರ ಬೆಳಕು ಕಾಣದೆ ಹೊಸದರಂತೆ ಹೊಳೆಯುತ್ತಿತ್ತು. ಬರಿಯ ಸ್ಟಿಕ್ಕನ್ನು ನಾದಿನಿಯ ಮುಂದೆ ಹಿಡಿದಳು.

"ಹೊಸ ಬಟ್ಟೆ?" ಗೋಡೆ ನಕ್ಕಳು.

"ಹಿಡ್ಕೊ."

ಗೋಡೆ ಹಿಡಿದಳು. ಮೂರು ಬೆರಳು ಮುಚ್ಚಿದವು. ಸೊಟ್ಟಗಿನ ಎರಡು ಏನೂ ಸಿಗದೆ ಗಾಳಿಯಲ್ಲೇ ಉಳಿದವು. ನುಣುಪಾದ ಮರ ಅವಳ ಕೈಯಲ್ಲಿ ತಿರುಗಿತು. ಆ ಎರಡು ಬೆರಳನ್ನು ನೋಡಿದಳು, ಅತ್ತಿಗೆಯ ಮಡಿಲಲ್ಲಿ ಗುಡ್ಡೆಯಾದ ಪಟ್ಟಿಗಳನ್ನು ನೋಡಿದಳು. ಕಿಟಕಿಯಿಲ್ಲದ ಕೋಣೆಯಲ್ಲಿ ಏನು ನಡೆಯಿತೆಂದು ಅವಳಿಗೆ ನಿಧಾನವಾಗಿ ಹೊಳೆಯಿತು.

"ಅತ್ತಿಗೆ, ಅಣ್ಣನೇ ಹೇಳಿದ್ದು... ನನಗೂ ನೈಟ್ ಡ್ಯೂಟಿ ಮಾಡಿ ಮಾಡಿ ಸಾಕಾಗಿತ್ತು. ನಿಮಗೆ ಹೇಳ್ಬೇಕು ಅಂತಾನೇ..."

ಗಂಡನ ಪೇಪರು ಅಲುಗಲಿಲ್ಲ. ಅವನು ಯಾವಾಗಿನಿಂದಲೋ ಒಂದೇ ಪುಟದಲ್ಲಿದ್ದ.

"ನೀನು ಮಾರ್ಕೆಟ್ಟಿನವರ ಹಾಗೆ ಮುಖಕ್ಕೆ ಹೇಳಿದ್ರೆ ನಾನೇ ನಿನ್ನ ಸ್ಟಿಕ್ಕು ಎಡಕ್ಕೆ ಒರಗಿಸ್ತಿದ್ದೆ ಕಣೇ" ಎಂದಳು ಪೀಪಿ ಅಕ್ಕ. "ಕಾಜಾ ಹೆಸರು ಇನ್ನು ನಿನ್ನ ಬಾಯಲ್ಲಿ ಬರಬಾರದು."

ಬಿಚ್ಚಿದ ಪಟ್ಟಿಗಳನ್ನು ಮಡಿಲಿಂದ ಕೊಡವಿ ಎದ್ದಳು. ಬಾಗಿಲ ಹಿಂದೆ ಸುಣ್ಣದ ಡಬ್ಬಿಯಿತ್ತು. ಬಸ್ ಡಿಪೋದ ಹಿಂದೆ ಕಲ್ಲು ತುಂಬಿದ ಖಾಲಿ ಜಾಗವಿದೆ ಎಂದು ಕಂಡಕ್ಟರು ಎಂದೋ ಹೇಳಿದ್ದು ನೆನಪಿತ್ತು. ಎರಡು ತಂಡ ಇದ್ದರೆ ಆಟಕ್ಕೆ ಸಾಕು. ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು. ಅರ್ಧ ಇತ್ತು. ಎತ್ತಿಕೊಂಡು ಅಂಗಡಿಯ ಕಡೆ ನಡೆದಳು, ಆ ಡಬ್ಬಿ ಇನ್ನು ಈ ಮನೆಯಲ್ಲಿ ಇರುವುದು ಬೇಡವೆಂದು.