ಗೋಡೆಯ ಮೇಲಿನ ಬೇಡಿ

ಪೇಂಟರ್ ಮೋಸಗಾರನಲ್ಲ, ಅಳತೆಗೇಡಿ ಅಷ್ಟೆ. ಸಭಾಮಂದಿರದ ವೇದಿಕೆಯ ಹಿಂದಿನ ಗೋಡೆಗೆ ಯೇಸುವಿನ ಮಾತೊಂದನ್ನು ಬರೆಯಲು ಅವನಿಗೆ ಹೇಳಿದ್ದರು: ಭೂಮಿಯ ಮೇಲೆ ಗಂಟು ಮಾಡಿಟ್ಟುಕೊಳ್ಳಬೇಡಿ. ಅಪ್ಪನ ಮನೆಯ ಗೋಡೆಯೇನೋ ಎಂಬಷ್ಟು ಧಾರಾಳವಾಗಿ ಶುರುಮಾಡಿದ. "ಮಾಡಿಟ್ಟುಕೊಳ್ಳ" ಮುಗಿಯುವಷ್ಟರಲ್ಲಿ ಕಿಟಕಿ ಅಡ್ಡ ಬಂತು. ಉಳಿದ "ಬೇಡಿ"ಯನ್ನು ಕಿಟಕಿಯ ಆಚೆಗೆ ಬರೆದ. ಅಲ್ಲಿ ಜಾಗ ಬೇಕಾದಷ್ಟಿದ್ದುದರಿಂದ ಅಕ್ಷರವನ್ನು ದುಪ್ಪಟ್ಟು ದಪ್ಪ ಮಾಡಿ, ಕೆಂಪು ಬಳಿದು, ಕೆಳಗೊಂದು ಗೆರೆಯನ್ನೂ ಎಳೆದ. ಆಗಿನ ಪಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸರಿಮಾಡಿಸುವ ಮೊದಲೇ ಅವರಿಗೆ ವರ್ಗವಾಯಿತು.

ಅವರ ಜಾಗಕ್ಕೆ ಬಂದವನು ಮೈಕಮ್ಮನ ಅಳಿಯ. ದೇವರ ಕರೆ ಬರುವ ಮೊದಲು ಅವನು ಹಾಸಿಗೆ ಮಾರುತ್ತಿದ್ದ. ಜನರನ್ನು ಹಾಯಾಗಿ ಮಲಗಿಸುವ ವಿದ್ಯೆ ಅಲ್ಲೇ ಕಲಿತದ್ದು. ಗೋಡೆಯನ್ನು ನೋಡಿದವನಿಗೆ ನಗು ಬರಲಿಲ್ಲ, ದರ್ಶನವಾಯಿತು. ಮುಂದಿನ ಭಾನುವಾರವೇ ಮೂರು ಅಂಶಗಳ ಪ್ರಸಂಗ ಸಿದ್ಧ. ಗಂಟು ಮಾಡಿ, ಇದು ಒಂದನೆಯದು. ಇಟ್ಟುಕೊಳ್ಳಿ, ಇದು ಎರಡನೆಯದು. ಸಾಲದಿದ್ದರೆ? ಅಲ್ಲಿ ಅವನು ಕಿಟಕಿಯ ಆಚೆಗೆ ಕೈ ತೋರಿಸುತ್ತಿದ್ದ. ಇಡೀ ಸಭೆ ಒಂದೇ ಗಂಟಲಲ್ಲಿ "ಬೇಡಿ" ಎನ್ನುತ್ತಿತ್ತು.

ಈ ಉಪದೇಶ ಬೀದಿಗೆಲ್ಲ ಹಬ್ಬಿತು. ಬೇಡಿದ್ದು ಸಿಕ್ಕೇ ಸಿಗುತ್ತದೆ ಎಂದು ನಂಬಿದವರು ಸಾಕ್ಷಿಗೆ ಕೀಲಿಕೈ ಮಾಡಿಸಿಟ್ಟುಕೊಳ್ಳಬೇಕೆಂದು ಅಳಿಯ ಹೇಳಿದ್ದೇ ತಡ, ಸಂತೆಬೀದಿಯ ಕೀಲಿಕೈ ರಿಪೇರಿಯವನ ಅಂಗಡಿ ಮುಂದೆ ವಿಶ್ವಾಸಿಗಳ ಸಾಲು ನಿಂತಿತು. ಕಾರಿಲ್ಲದವರ ಕೈಯಲ್ಲಿ ಕಾರಿನ ಕೀಲಿಕೈ, ಬಾಡಿಗೆಯ ಒಂಟಿ ಕೋಣೆಯಲ್ಲಿದ್ದವರ ಸೊಂಟದಲ್ಲಿ ಬಂಗಲೆಯ ಕೀಲಿಕೈ. "ಬೇಡಿ" ಎಂದ ಕೂಡಲೇ ಎಲ್ಲರೂ ಎದ್ದು ಅವನ್ನು ಎತ್ತಿ ಆಡಿಸುತ್ತಿದ್ದರು. ಆ ಗಲಗಲದ ನಡುವೆ "ಸ್ತೋತ್ರ" ಎಂದು ಒಂದು ಗಂಟಲು ಕೇಳಿಸುತ್ತಿತ್ತು. ಅದು ಸ್ತೋತ್ರಮಾವನದು. ಹಾಡಿಗೂ ಸ್ತೋತ್ರ, ಪ್ರಕಟಣೆಗೂ ಸ್ತೋತ್ರ; ಒಮ್ಮೆ ಕಕ್ಕಸಿನ ಪೈಪು ಒಡೆದಿದೆ ಎಂದು ತಿಳಿಸಿದಾಗಲೂ ಅವರು ದೇವರನ್ನು ಸ್ತುತಿಸಿದ್ದರು.

ಮೈಕಮ್ಮ ಮಾತ್ರ ಎದ್ದು ನಿಲ್ಲುತ್ತಿರಲಿಲ್ಲ, ಮಂಡಿನೋವು ಎನ್ನುತ್ತಿದ್ದಳು. ನೋವು ಇದ್ದದ್ದು ಬೇರೆ ಕಡೆ. ಅವಳು ನಿವೃತ್ತಿಯಾಗುವವರೆಗೂ ಬಸ್‌ಸ್ಟ್ಯಾಂಡಿನ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಲ್ಲಿಗೆ ಎಂದು ಮೈಕಿನಲ್ಲಿ ಹೇಳುತ್ತಿದ್ದವಳು, ಹೆಸರು ಬಂದದ್ದೂ ಅದರಿಂದಲೇ. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಳು. ಅತ್ತೆಗೊಂದು ಕೆಲಸವಿರಲಿ ಎಂದು ಅಳಿಯ ಪ್ರತಿ ಭಾನುವಾರ ಸಭೆಯ ಮುಂದೆ ಬೈಬಲಿನ ವೇದಪಾಠ ಓದಲು ಹಚ್ಚಿದ. ತನ್ನ ಧ್ವನಿಯ ಬಗ್ಗೆ ಅವಳಿಗೆ ಜಂಬ ಕಡಿಮೆಯೇನಿರಲಿಲ್ಲ. ಶನಿವಾರದಿಂದಲೇ ತಣ್ಣೀರು ಮುಟ್ಟುತ್ತಿರಲಿಲ್ಲ. ವಾರವಿಡೀ ಮಗಳ ಮನೆಯ ಮೂಲೆಯಲ್ಲಿ ಮುದುಡಿ ಕೂರುವ ಜೀವ ಆ ಒಂದು ಗಳಿಗೆ ತಲೆ ಎತ್ತಿ ನಿಲ್ಲುತ್ತಿತ್ತು. ಅಳಿಯ ಗೋಡೆಯ ವಾಕ್ಯವನ್ನು ಮಾತ್ರ ತಾನೇ ಹೇಳಿಕೊಳ್ಳುತ್ತಿದ್ದ, ಅವಳಿಗೆ ಬೇರೆ ಭಾಗ ಕೊಡುತ್ತಿದ್ದ. ಹಾಗಾಗಿ ಅವಳೂ ಕಂಡೂ ಕಾಣದಂತೆ ಇದ್ದುಬಿಟ್ಟಿದ್ದಳು. ಉಂಡ ಮನೆಯ ಗಳ ಎಣಿಸಬಾರದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಪೇಟೆಯ ದೊಡ್ಡ ಸಭೆಯ ಹಿರಿಯರು ಅಳಿಯನ ಪ್ರಸಂಗ ಕೇಳಲು ಬರುತ್ತಾರೆಂದು ಸುದ್ದಿ ಬಂತು. ಒಪ್ಪಿಗೆಯಾದರೆ ಅಳಿಯನಿಗೆ ಅಲ್ಲಿ ಕೆಲಸ, ಜೊತೆಗೆ ವಾಸಕ್ಕೆ ಒಳ್ಳೆಯ ಮನೆ. ಆ ದಿನ ಗೋಡೆಯ ವಾಕ್ಯವನ್ನೇ ಅತ್ತೆ ಓದಬೇಕೆಂದು ಅಳಿಯ ಗೊತ್ತುಮಾಡಿದ.

"ಅತ್ತೆ, ಗೋಡೆ ಮೇಲೆ ಹೇಗಿದೆಯೋ ಹಾಗೇ ಓದಿ. ಕಿಟಕಿ ಹತ್ರ ಒಂದು ಉಸಿರು ತಗೊಳ್ಳಿ, ಸಾಕು."

"ಅಳಿಯಂದ್ರೇ, ಅದು ಬೇಡಿಕೊಳ್ಳಿ ಅನ್ನೋ ಬೇಡಿ ಅಲ್ಲ. ಮಾಡಬೇಡಿ ಅನ್ನೋ ಬೇಡಿ."

"ನನಗೆ ಗೊತ್ತಿಲ್ವಾ?" ಅವನು ಒಂದಿಷ್ಟೂ ಅಳುಕಲಿಲ್ಲ. "ಹಿಂದಿನ ಕಾಲದ ಪ್ರತಿಗಳಲ್ಲಿ ಪದಗಳ ಮಧ್ಯೆ ಜಾಗ ಬಿಡೋ ಪದ್ಧತಿಯೇ ಇರಲಿಲ್ಲ ಅತ್ತೆ. ಎಲ್ಲಿ ಬಿಡಬೇಕು ಅನ್ನೋದು ನಮ್ಮ ನಂಬಿಕೆಗೆ ಬಿಟ್ಟಿದ್ದು. ಪೇಂಟರ್ ಕೈಲಿ ಪವಿತ್ರಾತ್ಮ ಅಲ್ಲಿ ಬಿಡಿಸಿದಾನೆ."

ಕಿಟಕಿ ಕೂರಿಸಿದ ಗಾರೆಯವನಿಗೂ ಪವಿತ್ರಾತ್ಮನೇ ಹೇಳಿದ್ದನೇ ಎಂದು ಕೇಳಲು ಅವಳ ನಾಲಿಗೆ ತುರಿಸಿತು. ಮಗಳ ಮುಖ ನೋಡಿ ಸುಮ್ಮನಾದಳು.

ಶನಿವಾರ ಸಂಜೆ ಮಗಳು ಅಡುಗೆಮನೆಗೆ ಬಂದಳು. ಸಭಾಮಂದಿರದ ಹಿಂದೆ ಅಂಟಿಸಿದಂತಿದ್ದ ಆ ಮನೆಯ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಲೆಯ ಮುಂದಿದ್ದವಳು ತಿರುಗುವಂತಿರಲಿಲ್ಲ. ಗೋಡೆಯ ಸುಣ್ಣ ಪಾತ್ರೆಗೆ ಉದುರುತ್ತಿತ್ತು.

"ಅಮ್ಮಾ, ಈ ಗೂಡಿಂದ ನಾನು ಹೊರಗೆ ಹೋಗೋದು ನಿನಗೆ ಬೇಡ್ವಾ?"

"ಯಾಕೆ ಬೇಡ?"

"ಹಾಗಾದ್ರೆ ಕಿಟಕಿ ಹತ್ರ ನಿಲ್ಲಿಸೋದು ಬೇಡ, ಒಂದು ಸಲ ಕೆಮ್ಮಿಬಿಡು. ಕೆಮ್ಮೋದು ಪಾಪ ಅಂತ ಎಲ್ಲೂ ಬರೆದಿಲ್ಲ."

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು."

ಮಗಳು ನಗಲಿಲ್ಲ. "ನೀನು ಓದಿ ಮುಗಿಸಿ ಕೂತ್ಕೋತೀಯ. ಆಮೇಲೆ ಅವರ ಜೊತೆ ಬಾಳಬೇಕಾದೋಳು ನಾನು," ಎಂದಳು. ಮೈಕಮ್ಮನಿಗೆ ಇದ್ದವಳು ಒಬ್ಬಳೇ ಮಗಳು. ಹಾವೂ ಸಾಯದು, ಕೋಲೂ ಮುರಿಯದು, ಕೆಮ್ಮಿಬಿಡೋಣ ಎಂದು ಅವಳು ಅಂದೇ ನಿರ್ಧರಿಸಿದಳು. ಇದನ್ನು ಮುಚ್ಚಿಡುವುದು ಬೇಡ. ಕೆಮ್ಮಿಗೆ ಅಭ್ಯಾಸವನ್ನೂ ಮಾಡಿಕೊಂಡಳು.

ಭಾನುವಾರ ಹಿರಿಯರು ಮೆತ್ತನೆಯ ಕುರ್ಚಿಗಳಲ್ಲಿ ಕೂತರು. ಮೈಕಮ್ಮ ಪುಸ್ತಕ ತೆರೆದು ನಿಂತಳು. ಎರಡನೆಯ ಸಾಲಿನಲ್ಲಿದ್ದ ಮಗಳು ತನ್ನ ಗಂಟಲನ್ನು ಮೆಲ್ಲಗೆ ಮುಟ್ಟಿ ತೋರಿಸಿದಳು. ಅವಳು ತಲೆಯಾಡಿಸಿ ಓದಲು ಬಾಯಿ ತೆರೆದಳು.

ಆಗ ಕೊನೆಯ ಬೆಂಚಿನ ಮುದುಕಿ ಕಣ್ಣಿಗೆ ಬಿದ್ದಳು. ಬೀಡಿ ಕಟ್ಟಿ ಹೊಟ್ಟೆ ಹೊರೆಯುವ ಹೆಂಗಸು. "ಬೇಡಿ" ಬರುವುದರೊಳಗೆ ಎದ್ದಿರಬೇಕೆಂದು ಮುಂದಿನ ಬೆಂಚನ್ನು ಹಿಡಿದು ಆಗಲೇ ಏಳುತ್ತಿದ್ದಳು. ಮುಷ್ಟಿಯಲ್ಲಿ ಹೊಚ್ಚ ಹೊಸ ಕೀಲಿಕೈ. ಎಲ್ಲರೂ ಅಳಿಯನನ್ನು ನೋಡುತ್ತಿದ್ದರೆ ಅವಳು ಮೈಕಮ್ಮನ ಬಾಯನ್ನೇ ನೋಡುತ್ತಿದ್ದಳು. ಬಸ್‌ಸ್ಟ್ಯಾಂಡಿನ ಗಾಜಿನಾಚೆ, ಗಂಟುಮೂಟೆ ಎತ್ತಿಕೊಂಡು, ಓದು ಬಾರದ ಜನ ಹೀಗೇ ನೋಡುತ್ತಿದ್ದರು. ಮೈಕಮ್ಮ ಹೇಳಿದ ಬಸ್ಸು ಹತ್ತುತ್ತಿದ್ದರು. ಪ್ರಯಾಣಿಕರಿಗೆ ಹೋಗಬೇಕೆನಿಸಿದ ಊರಿನ ಹೆಸರನ್ನು ಅವಳು ಎಂದೂ ಹೇಳಿದವಳಲ್ಲ, ಬಸ್ಸು ಹೋಗುವ ಊರಿನ ಹೆಸರನ್ನೇ ಹೇಳಿದವಳು.

"ಭೂಮಿಯ ಮೇಲೆ ಗಂಟು ಮಾಡಿಟ್ಟುಕೊಳ್ಳಬೇಡಿ."

ಕೆಮ್ಮು ಬರಲಿಲ್ಲ. ವಾಕ್ಯ ಒಂದೇ ಓಟದಲ್ಲಿ ಕಿಟಕಿಯನ್ನು ದಾಟಿ ಹೋಯಿತು. ಎಲ್ಲಿ ಕೂಗಬೇಕೋ ತಿಳಿಯದೆ ಸಭೆ ಬಾಯಿ ತೆರೆದುಕೊಂಡೇ ಉಳಿಯಿತು. ಅರ್ಧ ಎತ್ತಿದ ಕೀಲಿಕೈಗಳು ಅಲ್ಲಲ್ಲೇ ನಿಂತವು. ಆ ನಿಶ್ಶಬ್ದದಲ್ಲಿ ಸ್ತೋತ್ರಮಾವ "ಸ್ತೋತ್ರ" ಎಂದರು. ಜನ್ಮದಲ್ಲಿ ಒಮ್ಮೆ ಅದು ಸರಿಯಾದ ಜಾಗಕ್ಕೆ ಬಿದ್ದಿತ್ತು, ಅವರಿಗೆ ಗೊತ್ತಾಗಲಿಲ್ಲ.

ಅಳಿಯ ನಗುನಗುತ್ತಲೇ ಮೈಕು ಕಿತ್ತುಕೊಂಡ. "ಅತ್ತೆಯವರಿಗೆ ವಯಸ್ಸಾಯ್ತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲೋಕೆ ಆಗಲ್ಲ," ಎಂದ. ಎಲ್ಲರೂ ನಿರಾಳವಾಗಿ ನಕ್ಕರು. ಆಮೇಲೆ ಮೂರು ಅಂಶಗಳೂ ಎಂದಿನಂತೆ ನಡೆದವು, ಕೀಲಿಕೈಗಳು ಕುಣಿದವು. ಮುದುಕಿ ಮಾತ್ರ ಅತ್ತ ನೋಡುತ್ತಾ ಇತ್ತ ನೋಡುತ್ತಾ ಕೂತುಬಿಟ್ಟಳು.

ಹೊರಡುವಾಗ ಹಿರಿಯರಲ್ಲೊಬ್ಬರು ಅಳಿಯನ ಕೈ ಕುಲುಕಿದರು. "ಪ್ರಸಂಗ ಅದ್ಭುತ. ವೇದಪಾಠ ಮಾತ್ರ ಸ್ವಲ್ಪ ಉದ್ದ ಆಯ್ತು. ಮನೆಯಲ್ಲಿ ಒಗ್ಗಟ್ಟು ಬರಲಿ, ಮುಂದಿನ ವರ್ಷ ನೋಡೋಣ," ಎಂದರು.

ಓದಿದ್ದು ಒಂದೇ ವಾಕ್ಯ.

ಆ ವಾರ ಮಗಳು ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅಳಿಯ ಬೈಯಲಿಲ್ಲ. ಸಮಯದ ಅಭಾವದಿಂದ ಇನ್ನು ಮುಂದೆ ವೇದಪಾಠ ಇರುವುದಿಲ್ಲ, ನೇರವಾಗಿ ಪ್ರಸಂಗವೇ ಎಂದು ಪ್ರಕಟಿಸಿದ, ಅಷ್ಟೆ. ಭಾನುವಾರ ಹಾಗೆಯೇ ನಡೆಯಿತು. ದೇವರ ಮನೆಯಲ್ಲಿ ದೇವರ ಮಾತನ್ನು ಓದದೆ ಬಿಟ್ಟದ್ದು ಯಾರ ಗಮನಕ್ಕೂ ಬಂದಂತಿರಲಿಲ್ಲ. ಬೇಗ ಮುಗಿಯಿತೆಂದು ಕೆಲವರು ಖುಷಿಪಟ್ಟರು. ಹಿಂದಿನ ಬೆಂಚಿನಲ್ಲಿ ಕೂತ ಮೈಕಮ್ಮನಿಗೆ ಅಳು ಬಂತು. ಓದುವ ಜಾಗವೂ ಹೋಯಿತು, ಮಗಳೂ ಹೋದಳು, ಯಾರಿಗೂ ಏನೂ ಆಗಲಿಲ್ಲ ಎನಿಸಿತು. ತಂಗಿಯ ಮನೆಗೆ ಹೋಗಿಬಿಡೋಣವೆಂದು ಬ್ಯಾಗಿಗೆ ಬಟ್ಟೆ ತುಂಬಿದಳು.

ಹೇಳಿ ಹೋಗೋಣವೆಂದು ಅಡುಗೆಮನೆಗೆ ಬಂದಾಗ ಮಗಳು ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತಿದ್ದಳು.

"ಅಮ್ಮಾ, ಅದರ ಮುಂದೇನಿದೆ?"

"ಯಾವುದರ ಮುಂದೆ?"

"ನೀನು ಓದಿದ್ಯಲ್ಲ, ಅದರ ಮುಂದೆ. ಅವರು ಯಾವತ್ತೂ ಅಲ್ಲಿಗೇ ನಿಲ್ಲಿಸ್ತಾರೆ. ಇವತ್ತು ಅದೂ ಇಲ್ಲ." ಚಾಕು ನಿಂತಿತು. "ಹೊಟ್ಟೆ ಖಾಲಿ ಇದ್ದ ಹಾಗಿತ್ತು."

ಮೈಕಮ್ಮ ಪುಸ್ತಕ ತರಲು ಹೋಗಲಿಲ್ಲ, ಮುಂದಿನದು ಬಾಯಲ್ಲೇ ಇತ್ತು. ಬಸ್‌ಸ್ಟ್ಯಾಂಡಿನ ಧ್ವನಿಯಲ್ಲಲ್ಲ, ಮಗುವನ್ನು ಮಲಗಿಸುವಾಗಿನ ಧ್ವನಿಯಲ್ಲಿ ಹೇಳಿದಳು: ಇಲ್ಲಿಟ್ಟದ್ದನ್ನು ನುಸಿ ತಿನ್ನುತ್ತದೆ, ತುಕ್ಕು ತಿನ್ನುತ್ತದೆ, ಕಳ್ಳ ಕನ್ನ ಕೊರೆಯುತ್ತಾನೆ. ಪರಲೋಕದಲ್ಲಿ ಇಟ್ಟುಕೊಳ್ಳಿ. ನಿನ್ನ ಗಂಟು ಎಲ್ಲಿದೆಯೋ ನಿನ್ನ ಮನಸ್ಸೂ ಅಲ್ಲೇ ಇರುತ್ತದೆ.

ಮಗಳು ಸುಣ್ಣ ಉದುರುವ ಗೋಡೆಗೆ ಒರಗಿ ಕೇಳಿದಳು. ಕಣ್ಣು ಒರೆಸಿಕೊಂಡಳು. "ಇನ್ನೊಂದು ಸಲ ಹೇಳಮ್ಮ," ಎಂದಳು.

ಅವಳು ಮತ್ತೆ ಶುರುಮಾಡುವಷ್ಟರಲ್ಲಿ, ಅಡುಗೆ ಆಯಿತಾ ಎಂದು ಅಳಿಯ ಹೊರಗಿನಿಂದ ಕೂಗಿದ.

"ತಡ ಆಗುತ್ತೆ ರೀ," ಮಗಳು ನಿಂತಲ್ಲಿಂದಲೇ ಹೇಳಿದಳು. "ಅಮ್ಮ ಓದ್ತಾ ಇದಾರೆ."