ನಾಲ್ಕೂ ಮಿನುಗಿದರೆ ತಿರುವು ಯಾವ ಕಡೆಗೆ?

ಬೇಕರಿಯವನಿಗೆ ಆ ಬೆಳಿಗ್ಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಗಳಿಗೆ ಹೆಣ್ಣು ಮಗು ಹುಟ್ಟಿದೆ ಎಂದು ಅಳಿಯ ಆಸ್ಪತ್ರೆಯಿಂದ ಫೋನ್ ಮಾಡಿದ್ದ. ಹೊರಗೆ ದಟ್ಟ ಮಂಜು. ಎದುರುಮನೆಯ ಗೇಟೂ ಕಾಣುತ್ತಿರಲಿಲ್ಲ. ಆದರೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬ್ರೆಡ್ ಸಾಗಿಸುವ ವ್ಯಾನು ಹತ್ತಿದ. ಹೆಂಡತಿಯೂ ಹತ್ತಿದಳು. ಅವಳ ತಂಗಿ ಮಗುವಿನ ಬಟ್ಟೆಯ ಚೀಲ ಹಿಡಿದು ಹಿಂದೆಯೇ ಬಂದಳು. ಬಸ್ ಓಡಿಸುವ ಆಕೆಗೆ ಅಂದು ರಜೆ.

ಅವನು ಹೈಬೀಮ್ ಹಾಕಿದ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಗುಂಡಿಯನ್ನೂ ಒತ್ತಿದ.

"ಇದೇನು ಭಾವ, ಅಂಗಡಿ ಉದ್ಘಾಟನೆನಾ?" ಎಂದಳು ನಾದಿನಿ.

"ಮಂಜಲ್ಲಿ ಎಷ್ಟು ಬೆಳಕಿದ್ರೆ ಅಷ್ಟು ಒಳ್ಳೇದು ಕಣಮ್ಮ."

"ಮುಂದೆ ಏನು ಕಾಣ್ತಿದೆ ಹೇಳಿ."

ಗಾಜಿನ ಮುಂದೆ ಬಿಳಿ ಗೋಡೆ ಎದ್ದಂತಿತ್ತು.

"ಹೈಬೀಮ್ ಮಂಜಿನ ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಡಿಪ್ ಮಾಡಿ, ಬೆಳಕು ಕೆಳಗೆ ರಸ್ತೆ ಮೇಲೆ ಬೀಳಲಿ."

ಮಾಡಿದ. ರಸ್ತೆಯ ಅಂಚು ಕಂಡಿತು.

"ಅದನ್ನ ಒಪ್ಕೊಂಡೆ. ಈ ಮಿನುಗೋದು ಮಾತ್ರ ಇರಲಿ. ನಾನೇನು ನಿನ್ನೆ ಮೊನ್ನೆ ಸ್ಟೇರಿಂಗ್ ಹಿಡಿದೋನಾ?"

"ಹಾಗಾದ್ರೆ ಇಳಿದು ಹಿಂದೆ ಹೋಗಿ ನಿಲ್ಲಿ."

"ಮೊಮ್ಮಗಳು ಕಾಯ್ತಿದಾಳೆ."

"ಅವಳಿಗಿನ್ನೂ ಕಣ್ಣು ಬಿಡೋಕೇ ಪುರುಸೊತ್ತಿಲ್ಲ, ನಿಮ್ಮನ್ನ ಕಾಯ್ತಾಳಂತೆ. ಇಳೀರಿ," ಎಂದಳು ಹೆಂಡತಿ.

ಗೊಣಗುತ್ತ ಹೋಗಿ ನಿಂತ. ನಾದಿನಿ ಅವನ ಸೀಟಿನಲ್ಲಿ ಕುಳಿತು ಒಂದು ಬದಿಗೆ ಇಂಡಿಕೇಟರ್ ಹಾಕಿದಳು.

"ಭಾವ, ನಾನೀಗ ಯಾವ ಕಡೆ ತಿರುಗ್ತೀನಿ?"

"ಎಡಕ್ಕೆ. ಅಲ್ಲ ತಡಿ... ಎರಡೂ ಕಡೆ ಮಿನುಗ್ತಿದ್ರೆ ಹೇಗೆ ಹೇಳ್ಲಿ?"

"ಬಲಕ್ಕೆ ಹಾಕಿದೀನಿ. ಹಿಂದೆ ಬರೋ ಲಾರಿಯವನೂ ನಿಮ್ಮ ಹಾಗೇ ಎಡಕ್ಕೆ ಅಂದ್ಕೊಂಡು ನನ್ನ ಬಲಕ್ಕೆ ನುಗ್ಗಿದ್ರೆ?"

ಆಸ್ಪತ್ರೆಗೆ ಹೋಗಲು ದೊಡ್ಡ ರಸ್ತೆಯಿಂದ ಬಲಕ್ಕೇ ತಿರುಗಬೇಕಿತ್ತು.

"ಮತ್ತೆ ಆ ಗುಂಡಿ ಯಾಕಿಟ್ಟಿದಾರೆ?"

"ಗಾಡಿ ಕೆಟ್ಟು ನಿಂತಾಗ ಒತ್ತೋಕೆ. ಓಡ್ತಿರುವಾಗ ಅಲ್ಲ. ಅಲ್ಲೇ ಇದೀರಲ್ಲ, ಹಿಂದಿನ ಕೆಂಪು ದೀಪ ಉರೀತಿದೆಯಾ ನೋಡಿ."

ಉರಿಯುತ್ತಿತ್ತು, ಆದರೆ ಕೆಸರು ಮೆತ್ತಿತ್ತು. ಕರವಸ್ತ್ರದಿಂದ ಒರೆಸಿ ಬಂದು ತನ್ನ ಸೀಟಿನಲ್ಲಿ ಕುಳಿತ, ನಾಲ್ಕೂ ಮಿನುಗುವುದನ್ನು ಆರಿಸಿದ.

ವ್ಯಾನು ನಿಧಾನವಾಗಿ ಹೊರಟಿತು. ತಿರುವಿನ ಹತ್ತಿರ ಕನ್ನಡಿಯಲ್ಲಿ ಲಾರಿಯ ದೀಪಗಳು ದೊಡ್ಡವಾಗುತ್ತ ಬಂದವು. ಅವನು ಬಲ ಇಂಡಿಕೇಟರ್ ಮಾತ್ರ ಹಾಕಿದ. ಲಾರಿ ವೇಗ ತಗ್ಗಿಸಿ ಹಿಂದೆಯೇ ಉಳಿಯಿತು. ಎದುರಿನಿಂದ ಯಾವ ಬೆಳಕೂ ಬರುತ್ತಿಲ್ಲವೆಂದು ನೋಡಿಕೊಂಡು ತಿರುಗಿಸಿದ.

"ನಿಧಾನ ಮಾಡಿದ ನೋಡೇ! ಅವನಿಗೆ ಗೊತ್ತಾಯ್ತು," ಎಂದ ಹೆಂಡತಿಗೆ.

ಆಸ್ಪತ್ರೆಯಲ್ಲಿ ಮೊಮ್ಮಗಳು ಅವನ ಕಿರುಬೆರಳು ಹಿಡಿದಳು.

"ಹಿಡಿತ ನೋಡಿ, ಇವಳೂ ಸ್ಟೇರಿಂಗ್ ಹಿಡಿಯೋಳೇ. ನಿನಗೆ ಗಾಡಿ ಕಲಿಸೋದು ಈ ಚಿಕ್ಕಜ್ಜಿ ಕಣೇ," ಎಂದ ಮಗುವಿಗೆ.

"ಕಲಿಸ್ತೀನಿ. ಅಜ್ಜಿ ಅಂತ ಮಾತ್ರ ಕರೀಬೇಡಿ," ಎಂದಳು ನಾದಿನಿ.

ನೀವೂ ನಾಳೆ ಮಂಜಿನಲ್ಲಿ ಹೊರಡುವವರಿರಬಹುದು. ಹೊರಡುವ ಮುನ್ನ ಗಾಡಿಯ ಹಿಂದೆ ಹೋಗಿ ನಿಂತು ನೋಡಿ, ದೀಪಗಳನ್ನು ಒರೆಸಿ. ಹೈಬೀಮ್ ಬೇಡ, ಡಿಪ್ ಸಾಕು. ಫಾಗ್ ಲ್ಯಾಂಪ್ ಇದ್ದರೆ ಹಾಕಿ, ಮಂಜು ತಿಳಿಯಾದ ಕೂಡಲೇ ಆರಿಸಿ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಬೇಡಿ. ಮುಂದಿನ ಗಾಡಿಯಿಂದ ದೂರವಿರಿ, ನಿಧಾನವಾಗಿ ಹೋಗಿ. ತಡವಾದರೂ ಪರವಾಗಿಲ್ಲ, ನಿಮ್ಮವರು ಕಾಯುತ್ತಾರೆ.