ಜರಡಿಯ ಮೇಲೆ ನಿಂತದ್ದು

ಎಡಗಾಲಿನ ಹೆಬ್ಬೆರಳ ಕೆಳಗೆ ಏನೋ ಮಿಸುಕಿತು, ಕಲ್ಲಲ್ಲ, ಕಲ್ಲಾದರೆ ಹೀಗೆ ಸರಿದು ಜಾಗ ಕೊಡುವುದಿಲ್ಲ, ಕಪ್ಪೆಚಿಪ್ಪೇ, ಬಾಯಿ ಅರ್ಧ ತೆರೆದುಕೊಂಡು ಕೆಸರಿನಲ್ಲಿ ನೆಟ್ಟಗೆ ನಿಂತಿದೆ, ಇರು ತಾಯಿ, ಅಲ್ಲೇ ಇರು, ನಾನೂ ಎಲ್ಲಿಗೂ ಹೋಗುವುದಿಲ್ಲ — ಸೊಂಟದವರೆಗೂ ನೀರು, ಬೆಳಗಿನ ನೀರು ಕೊರೆಯುತ್ತಿದೆ, ಕೊರೆಯಲಿ, ಏರಿಯ ಮೇಲಿಂದ ನಮ್ಮ ಲ್ಯಾಬಿನ ಶ್ರೀಧರ್ ಸಾರ್ ಮತ್ತೆ ಕರೆಯುತ್ತಿದ್ದಾರೆ, ಶಶಿರೇಖ ಅವರೇ ಆಚೆ ಬನ್ನಿ, ಜನ ನೋಡ್ತಾ ಇದ್ದಾರೆ, ನೋಡಲಿ ಸಾರ್, ನೋಡಲಿ ಅಂತಲೇ ಇಳಿದಿದ್ದೇನೆ, ತೂಬಿನ ಪಕ್ಕ ಜೆಸಿಬಿ ಗುರುಗುಟ್ಟುತ್ತಿದೆ, ಡ್ರೈವರ್ ಬೀಡಿ ಹಚ್ಚಿಕೊಂಡು ಒಮ್ಮೆ ನನ್ನನ್ನು ಒಮ್ಮೆ ಸಾರನ್ನು ನೋಡುತ್ತಿದ್ದಾನೆ, ಇವತ್ತು ತೂಬು ಎತ್ತಿ ನೀರೆಲ್ಲ ಹೊರಗೆ ಬಿಡಬೇಕಂತೆ, ತಳದ ಗೋಡುಮಣ್ಣು ಪೂರ್ತಿ ಕೆರೆದು ಹಾಕಬೇಕಂತೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಹೊಸ ನೀರು ತುಂಬಿಸಿ ಹಂಸದ ಮೂತಿಯ ದೋಣಿಗಳನ್ನು ಬಿಡುತ್ತಾರಂತೆ — ಇಷ್ಟಕ್ಕೂ ಅಪ್ಪಣೆ ಕೊಟ್ಟದ್ದು ಒಂದೇ ಒಂದು ಕಾಗದ, ಕೆರೆಯ ತಳದಲ್ಲಿ ಜೀವಿಗಳು ಶೂನ್ಯ ಅಂತ, ಕೆಳಗೆ ಸಹಿ, ಆ ಸಹಿ ನನ್ನದೇ.

ಶೂನ್ಯವಂತೆ, ಈ ಕೆರೆಯಲ್ಲಿ, ಇದರ ಚಿಪ್ಪಿನಿಂದ ಮುದ್ದೆ ತಪ್ಪಲೆ ಕೆರೆಯುತ್ತಾ ಬೆಳೆದವಳು ನಾನು, ನನ್ನ ಕೈಯಲ್ಲೇ ಶೂನ್ಯ ಬರೆಸಿಕೊಂಡಿತಲ್ಲ ವಿಧಿ, ವಿಧಿ ಯಾಕೆ, ವಿಧಿಯ ಮೇಲೆ ಹಾಕಿ ತಪ್ಪಿಸಿಕೊಳ್ಳಬೇಡ ಶಶೀ, ಅದು ನಿನ್ನ ಉಡಾಫೆ — ಹೋದ ತಿಂಗಳು ಇದೇ ಏರಿಯ ಮೇಲೆ ಕೂತು ಕೆಸರಿನ ಸ್ಯಾಂಪಲ್ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದೆ, ಸಾರ್‌ಗೆ ಬಂಗಾರಪೇಟೆಯಲ್ಲಿ ರೈಲು ಹಿಡಿಯುವ ಅವಸರ, ಅಮ್ಮ ಮಜ್ಜಿಗೆ ತಂದವಳು ನನ್ನ ಕೈಯಿಂದ ಜರಡಿ ಕಿತ್ತುಕೊಂಡಳು, ತತ್ತಾ ಇಲ್ಲಿ, ಜರಡಿ ಇಡಿಯೋಕೆ ನೀನು ನಂಗೆ ಏಳ್ಕೊಡ್ತೀಯಾ, ಅರವತ್ತು ವರ್ಷ ರಾಗಿಹಿಟ್ಟು ಜರಡಿ ಹಿಡಿದ ಕೈ, ನೀರು ಹುಯ್ದು ಹುಯ್ದು ಕೆಸರನ್ನು ಎಷ್ಟು ಚೆಂದ ಆಡಿಸಿದಳು, ನಾನು ತಲೆ ಎತ್ತಲಿಲ್ಲ, ತಲೆ ಎತ್ತಿದ್ದರೆ ಕಾಣುತ್ತಿತ್ತು, ಮೇಲೆ ನಿಂತದ್ದನ್ನು ಮೂರು ಸಲ ತಟ್ಟಿ ಆಚೆ ಕೊಡವಿ ಕೆಳಗೆ ಇಳಿದದ್ದನ್ನು ಜೋಪಾನವಾಗಿ ಬಕೆಟ್ಟಿನಲ್ಲಿ ಹಿಡಿದುಕೊಟ್ಟಳು, ಹಿಟ್ಟಾದರೆ ಹಾಗೇ ತಾನೆ ಮಾಡಬೇಕು, ನಮ್ಮ ಕೆಲಸದಲ್ಲಿ ಮೇಲೆ ನಿಂತದ್ದೇ ಬೇಕು ಅಂತ ಅಮ್ಮನಿಗೆ ಯಾರು ಹೇಳಿದ್ದರು, ನಾನು ಹೇಳಿರಲಿಲ್ಲ, ಬರೀ ರಾಡಿ ನೀರನ್ನು ಬಾಟಲಿಗೆ ತುಂಬಿಸಿ ಊರಿಗಾಂನ ನಮ್ಮ ಲ್ಯಾಬಿಗೆ ಒಯ್ದೆ, ಗಾಜಿನ ಕೆಳಗೆ ನೋಡಿದೆ, ಏನೂ ಇರಲಿಲ್ಲ, ಏನೂ ಇಲ್ಲ ಅಂತ ಬರೆದೆ, ಎಲ್ಲರಿಗೂ ಸಂತೋಷವಾಯಿತು. ಹೋದ ಭಾನುವಾರ ಅಮ್ಮ ಹಿಟ್ಟು ಜರಡಿ ಹಿಡಿಯುತ್ತಾ ನಕ್ಕಳು, ನಿಮ್ ಆಪೀಸಿನ ಇಟ್ಟಲ್ಲಿ, ಆ ಕೆಸ್ರಲ್ಲಿ, ಬೋ ಒಟ್ಟು ಕಣಮ್ಮಾ, ಮೇಲೆ ನಿಂತಿದ್ದೆಲ್ಲ ಮಿಸುಕ್ತಿತ್ತು, ಗೊರವಂಕಗಳು ಮುಗಿಬಿದ್ದು ತಿಂದೋದ್ವು. ಎತ್ತಿದ ತುತ್ತನ್ನು ತಟ್ಟೆಗೇ ಹಾಕಿ ಏರಿಗೆ ಓಡಿದೆ, ಹುಲ್ಲಿನ ಬುಡದಲ್ಲಿ ಒಣಗಿದ ನತ್ತೆಗುಳ್ಳೆಗಳು, ಉಗುರಿನಷ್ಟು ಉಗುರಿನಷ್ಟು, ಆರಿಸಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡೆ.

ಸೋಮವಾರವೇ ಹೇಳಿದೆನಲ್ಲ ಸಾರ್ ನಿಮಗೆ, ತಪ್ಪಾಗಿದೆ, ಇನ್ನೊಂದು ಸಲ ತೆಗೆಯೋಣ ಅಂತ, ಗುಳ್ಳೆಗಳನ್ನು ಮೇಜಿನ ಮೇಲೆ ಸುರಿದೆ, ನೀವು ಪೆನ್ನಿನ ತುದಿಯಲ್ಲಿ ಒಂದನ್ನು ಉರುಳಿಸಿದಿರಿ, ಹುಳಹುಪ್ಪಟೆಗೆಲ್ಲ ಯಾಕಮ್ಮ ತಲೆ ಕೆಡಿಸ್ಕೋತೀರಿ, ಜೂನ್‌ನಲ್ಲಿ ನಿಮ್ಮ ಕಾಂಟ್ರಾಕ್ಟ್ ಮುಗಿಯುತ್ತೆ, ಮತ್ತೆ ಬೇಕು ಅಂದ್ರೆ ನಾನೇ ಬರೀಬೇಕು, ನೆನಪಿರಲಿ — ನೆನಪಿದೆ, ಚೆನ್ನಾಗಿ ನೆನಪಿದೆ, ಆ ಸಂಜೆ ಮಾರಿಕುಪ್ಪಂ ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಬಂಗಾರಪೇಟೆಯ ತನಕ ಸುಮ್ಮನೆ ಅತ್ತೆ, ಅತ್ತದ್ದಕ್ಕೆ ನಾಚಿಕೆಯಿಲ್ಲ, ಪಕ್ಕದಲ್ಲಿ ಕೂತಿದ್ದ ತಮಿಳಿನ ಅಜ್ಜಿ ಒಂದು ಬಾಳೆಹಣ್ಣು ಕೊಟ್ಟು ಎನ್ನಮ್ಮಾ ಆಚ್ಚು, ಏನಾಯ್ತು ಅಂದಳು, ಹೇಳಿದೆ, ಅರ್ಧ ತಮಿಳು ಅರ್ಧ ಕನ್ನಡ, ಅವಳ ಗಂಡ ಗಣಿಯೊಳಗೆ ಇಪ್ಪತ್ತಾರು ವರ್ಷ ಇಳಿದವನಂತೆ, ಕೆಳಗೆ ಇರೋರನ್ನ ಮೇಲೆ ಇರೋರು ಯಾವತ್ತಮ್ಮಾ ಎಣಿಸಿದಾರೆ, ನೀನೇ ಇಳೀಬೇಕು ಅಂದಳು. ಇಳಿದಿದ್ದೇನೆ ಅಜ್ಜೀ. ಜೂನ್ ಬರಲಿ, ಹೋಗಲಿ, ಹಾಲು ಕರೆದು ಡೈರಿಗೆ ಹಾಕಿ ಬದುಕುತ್ತೇನೆ, ಬಾಟಲಿ ತೊಳೆದೇ ಬದುಕಬೇಕು ಅಂತ ಹಣೆಯಲ್ಲಿ ಬರೆದಿಲ್ಲ, ಆದರೆ ಈ ಕೆಸರಿನಲ್ಲಿ ಕೆಂಪು ಹುಳುಗಳಿವೆ, ಏರೋಪ್ಲೇನ್ ಚಿಟ್ಟೆಯ ಮರಿಗಳಿವೆ, ನತ್ತೆಗಳಿವೆ, ಗೋಡು ತಿಂದು, ಕೊಳೆತದ್ದು ತಿಂದು ನಮ್ಮ ನೀರನ್ನು ನೀರಾಗಿ ಇಟ್ಟಿವೆ, ಅವು ಇಲ್ಲ ಅಂತ ನಾನು ಬರೆದು ಅವನ್ನು ಜೀವಂತ ಹೂಳಿಸಿದರೆ ನನ್ನ ಗಂಟಲಲ್ಲಿ ಇನ್ನೊಂದು ತುತ್ತು ಇಳಿಯುತ್ತದೆಯೇ.

ಅಗೋ ಅಮ್ಮ, ಜನರನ್ನು ಸರಿಸಿಕೊಂಡು ಏರಿ ಇಳಿಯುತ್ತಿದ್ದಾಳೆ, ಕಂಕುಳಲ್ಲಿ ಮನೆಯ ಹಿಟ್ಟಿನ ಜರಡಿ, ಸೀರೆ ಎತ್ತಿ ಕಟ್ಟಿದ್ದಾಳೆ, ಶ್ರೀಧರ್ ಸಾರ್ ಅಡ್ಡ ಬಂದರು, ಚಿಕ್ಕವೆಂಕಟಮ್ಮನೋರೇ, ನಿಮ್ಮ ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ, ಅಮ್ಮ ಅವರ ಮುಖವನ್ನೂ ನೋಡಲಿಲ್ಲ, ತಪ್ಪು ನಂದು ಕಣಪ್ಪ, ಕೊಡವ್ದೋಳು ನಾನು, ಎಣಿಸ್ಕೊಡೋಳೂ ನಾನೇ, ನೀನು ಪೆನ್ನು ತೆಗಿ ಅಂದಳು. ಏರಿಯ ಮೇಲೆ ಯಾರೋ ನಕ್ಕರು, ಡ್ರೈವರ್ ಎಂಜಿನ್ ನಿಲ್ಲಿಸಿದ, ಎಷ್ಟು ನಿಶ್ಶಬ್ದ, ಅಮ್ಮ ಎದುರಿಗೆ ಬಂದು ಜರಡಿಯನ್ನು ನೀರಿನ ಮೇಲೆ ಹಿಡಿದು ನಿಂತಳು, ನನ್ನ ಎಂಟನೇ ವಯಸ್ಸಿನಲ್ಲಿ ಇಲ್ಲೇ, ಹೀಗೇ ನಿಂತು ಕಲಿಸಿದ್ದಳು, ಬಾಯಿ ಬಿಟ್ಟಿರೋ ಚಿಪ್ಪಿಗೆ ಮೆತ್ತಗೆ ಬೆರಳು ಕೊಡು, ಇಡೀತು ಅಂದ್ರೆ ಎಳೀಬ್ಯಾಡ, ಎಳುದ್ರೆ ಕುಯ್ತದೆ, ಸುಮ್ಕೆ ಕಾಲೆತ್ತು, ಅದೇ ಬತ್ತದೆ, ಅವಳ ಹೆಬ್ಬೆರಳಲ್ಲಿ ಈಗಲೂ ಆ ಬಿಳೀ ಗೆರೆ ಇದೆ. ಸಾರ್, ನಾನು ಸೈನ್ ಹಾಕಿದ ಕಾಗದ ಸುಳ್ಳು, ಇಷ್ಟು ಜನರ ಮುಂದೆ ವಾಪಸ್ ತಗೋತಿದ್ದೀನಿ, ಬರ್ಕೊಳ್ಳಿ — ನನ್ನದೇ ದನಿಯೇ ಇದು, ಆಚೆ ದಡದ ತನಕ ಹೋಯಿತು, ಹೆಬ್ಬೆರಳನ್ನು ಒಳಗೆ ತಳ್ಳಿದೆ, ಮೆತ್ತಗೆ, ತಣ್ಣಗೆ, ಆಮೇಲೆ ಒಮ್ಮೆಗೇ ಕಚ್ಚಿ ಮುಚ್ಚಿಕೊಂಡಿತು, ಕಣ್ಣಲ್ಲಿ ನೀರು ಬಂತು, ಎಳೆಯಲಿಲ್ಲ, ಕಾಲೆತ್ತಿದೆ, ನೀರಿನ ಮೇಲೆ ನನ್ನ ಪಾದ, ಪಾದಕ್ಕೆ ಜೋತುಬಿದ್ದ ಕರೀ ಚಿಪ್ಪು, ಅಮ್ಮ ಜರಡಿಯನ್ನು ಅದರ ಕೆಳಗೆ ತಂದು ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗವನ್ನು ಒಂದು ಅನ್ನದೆ ಎಣಿಸುವ ಹಾಗೆಯೇ ಎಣಿಸಿದಳು, ಲಾಭ, ಅಂದಳು, ಸಾರ್ ಪೆನ್ನು ತೆಗೆಯುತ್ತಾರೋ ಇಲ್ಲವೋ, ಚಿಪ್ಪು ಮಾತ್ರ ಬಿಡುತ್ತಿಲ್ಲ, ಬಾಯಿ ಮುಚ್ಚಿಕೊಂಡು ಹಿಡಿದೇ ಇದೆ, ಬಿಡುತ್ತಿಲ್ಲ.